ಮೂವತ್ತೆರಡನೆಯ ಕಲ್ಲು

ಶಿಬಿರದ ಮನೆ
ಸೆಪ್ಟೆಂಬರ್ ೧೪

ಚಿಕ್ಕಿ,

ಮೂರು ಸಲ ಫೋನ್ ಮಾಡಿದೆ. ಎರಡು ಸಲ ನೀನು ಎತ್ತಲಿಲ್ಲ. ಮೂರನೆಯ ಸಲ ಎತ್ತಿ, ‘ಕ್ಲಾಸಲ್ಲಿದೀನಿ ಅಕ್ಕ, ಆಮೇಲೆ ಮಾಡ್ತೀನಿ’ ಎಂದೆ. ಅವತ್ತು ಭಾನುವಾರ.

ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ಇದನ್ನು ಎತ್ತದೆ ಬಿಡುವ ಹಾಗಿಲ್ಲ, ಅಂಚೆಯವನು ಬಾಗಿಲ ಕೆಳಗೆ ತೂರಿಸಿಯೇ ಹೋಗುತ್ತಾನೆ.

ಇಲಾಖೆಯ ನೋಟೀಸು ಬಂದಿದೆ. ಶಿಕ್ಷಕರಿಗಾಗಿ ನಾನು ನಡೆಸುವ ಪ್ರಕೃತಿ ಕಾರ್ಯಾಗಾರಗಳನ್ನೆಲ್ಲ ವಿಚಾರಣೆ ಮುಗಿಯುವವರೆಗೆ ನಿಲ್ಲಿಸಿದ್ದಾರೆ. ವಿಚಾರಣೆ ನವೆಂಬರ್ ಇಪ್ಪತ್ತಕ್ಕೆ. ಎಣಿಸದೆಯೇ ಬಸ್ಸು ಕಳಿಸಿದೆ ಎಂದು ತೀರ್ಮಾನವಾದರೆ ಮತ್ತೆಂದೂ ತರಬೇತಿಗೆ ನನ್ನನ್ನು ಕರೆಯುವುದಿಲ್ಲ. ವರ್ಷದ ಕೊನೆಗೆ ಈ ಶಿಬಿರದ ಮನೆಯ ಬೀಗದ ಕೈಯನ್ನೂ ಒಪ್ಪಿಸಬೇಕು. ಹನ್ನೆರಡು ವರ್ಷದಿಂದ ನಾನು ಮಾಡಿಕೊಂಡು ಬಂದದ್ದು ಇದೊಂದೇ ಕೆಲಸ. ಇದನ್ನು ಬಿಟ್ಟರೆ ನನಗೆ ಕವಿತೆ ಓದುವುದು ಬರುತ್ತದೆ, ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ಆಗಸ್ಟ್ ಕೊನೆಯ ದಿನ ನೀನೂ ಇಲ್ಲೇ ಇದ್ದೆ. ಆದರೂ ನನ್ನ ನೆನಪು ನೆಟ್ಟಗಿದೆಯೇ ಎಂದು ನೋಡಿಕೊಳ್ಳಲು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಮೂರು ದಿನದ ಕಾರ್ಯಾಗಾರದ ಕೊನೆಯ ಮಧ್ಯಾಹ್ನ. ಮೂರು ಗಂಟೆಗೆ ಮೂವತ್ತೊಂದು ಮಂದಿ ಶಿಕ್ಷಕರು ಮರದ ಬೋಗುಣಿಯಿಂದ ಒಂದೊಂದು ಬಿಳಿ ಕಲ್ಲು ತೆಗೆದುಕೊಂಡು ಕಾಡಿನೊಳಗೆ ತಮ್ಮ ತಮ್ಮ ಜಾಗಕ್ಕೆ ಹೋದರು. ಒಂದೂವರೆ ಗಂಟೆ ಒಬ್ಬರೇ ಕೂರಬೇಕು, ಮಾತಿಲ್ಲ, ಫೋನಿಲ್ಲ. ವಾಪಸ್ ಬಂದು ಕಲ್ಲನ್ನು ಬೋಗುಣಿಗೆ ಹಾಕಿ ಸುಮ್ಮನೆ ಬಸ್ಸು ಹತ್ತಬೇಕು. ನಾನು ಹೆಸರು ಕರೆಯುವುದಿಲ್ಲ. ಬೋಗುಣಿಯ ಪಕ್ಕ ಕಣ್ಣು ತಗ್ಗಿಸಿ ಕೂತಿರುತ್ತೇನೆ. ಬರುವವರಲ್ಲಿ ಕೆಲವರು ಅತ್ತಿರುತ್ತಾರೆ, ಆ ಮುಖವನ್ನು ಯಾರೂ ನೋಡಬಾರದು ಎಂಬುದು ನಾನು ಮಾಡಿಕೊಂಡ ನಿಯಮ. ಎಲ್ಲರೂ ಬಂದಮೇಲೆ ಕಲ್ಲು ಎಣಿಸಿದೆ. ಮೂವತ್ತೊಂದಿತ್ತು. ಬಸ್ಸಿಗೆ ಕೈ ಬೀಸಿದೆ.

ನಿಮ್ಮ ಶಾಲೆಯ ಡ್ರಾಯಿಂಗ್ ಟೀಚರ್, ನಿನ್ನ ಗೆಳತಿ, ಆ ಬಸ್ಸಿನಲ್ಲಿ ಇರಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಕಾಡಿನ ಕಾವಲುಗಾರನಿಗೆ ಅವಳು ತೊರೆಯಾಚೆಯ ಹಳ್ಳದಲ್ಲಿ ಸಿಕ್ಕಳು, ಕಾಲು ಎರಡು ಕಡೆ ಮುರಿದಿತ್ತು. ರಾತ್ರಿ ಯಾರು ಯಾರಿಗೆ ಫೋನ್ ಮಾಡಿದರು ಎಂಬುದೆಲ್ಲ ಈಗ ಬೇಡ.

ನಾನು ಕೇಳಬೇಕಾದದ್ದು ಒಂದೇ. ಅವಳನ್ನು ಎತ್ತುವಾಗ ಅವಳ ಮುಷ್ಟಿಯಲ್ಲಿ ಅವಳ ಕಲ್ಲು ಇತ್ತು. ಅಂದರೆ ಕಲ್ಲು ಒಟ್ಟು ಮೂವತ್ತೆರಡಾಯಿತು. ನಾನು ಹೊಳೆಯಿಂದ ಆರಿಸಿ ತಂದದ್ದು ಮೂವತ್ತೊಂದೇ. ಬೋಗುಣಿಯ ಕಲ್ಲುಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಒಂದು ಹೊಳೆಯದಲ್ಲ. ಬಿಳಿಯೇನೋ ಹೌದು, ಆದರೆ ಮೂಲೆಯಿದೆ, ಬೆರಳಿಗೆ ಚುಚ್ಚುತ್ತದೆ.

ಯಾರೋ ಎರಡು ಕಲ್ಲು ಹಾಕಿದ್ದಾರೆ, ಚಿಕ್ಕಿ. ನೀನು ಸಾಲಿನ ಮಧ್ಯದಲ್ಲೆಲ್ಲೋ ಇದ್ದಿರಬೇಕು. ನಿನ್ನ ಹಿಂದೆ ಮುಂದೆ ಇದ್ದವರಲ್ಲಿ ಯಾರ ಕೈಯನ್ನಾದರೂ ಗಮನಿಸಿದೆಯಾ?

ಇಂತಿ,
ಅಕ್ಕ


ಸೆಪ್ಟೆಂಬರ್ ೨೫

ಪ್ರೀತಿಯ ಅಕ್ಕ,

ಭಾನುವಾರದ ವಿಷಯ ಬಿಡು. ಅವತ್ತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅದೂ ಒಂಥರ ಕ್ಲಾಸೇ.

ನಾನು ಏನೂ ಗಮನಿಸಲಿಲ್ಲ. ಮಾತಾಡಬೇಡಿ, ನೋಡಬೇಡಿ ಎಂದು ನೀನೇ ಹೇಳಿದ್ದೆ. ಮೂರು ದಿನ ನಿನ್ನ ಮಾತು ಕೇಳಿದವರಲ್ಲಿ ನಾನೂ ಒಬ್ಬಳು ಎಂದುಕೋ.

ಇಲ್ಲಿ ಅವಳ ಪೀರಿಯಡ್‌ಗಳನ್ನೆಲ್ಲ ನನಗೇ ಹಾಕಿದ್ದಾರೆ. ಗಣಿತದ ಟೀಚರ್ ಡ್ರಾಯಿಂಗ್ ಕ್ಲಾಸಿಗೆ ಹೋದರೆ ಏನಾಗುತ್ತದೋ ಅದೇ ಆಗುತ್ತಿದೆ, ಮಕ್ಕಳು ನನಗೆ ಹಕ್ಕಿ ಬರೆಯುವುದು ಕಲಿಸುತ್ತಿದ್ದಾರೆ. ನನ್ನ ಹಕ್ಕಿಗೆ ಕೊಕ್ಕು ಯಾವ ಕಡೆ ಎಂದು ಒಬ್ಬಳು ಕೇಳಿದಳು. ಆಸ್ಪತ್ರೆಗೆ ಎರಡು ಸಲ ಹೋಗಿ ಬಂದೆ. ಕಾಲಿಗೆ ರಾಡ್ ಹಾಕಿದ್ದಾರೆ. ಮುಂದೆ ನಡೆಯುತ್ತಾಳಂತೆ, ಆದರೆ ಕೋಲು ಹಿಡಿದು. ಎಷ್ಟು ದಿನ ಕೋಲು ಎಂದು ಡಾಕ್ಟರು ಹೇಳುವುದಿಲ್ಲ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹೆಸರು ಹಿಡಿದು ಕರೆದಿದ್ದರೆ ಇದೇನೂ ಆಗುತ್ತಿರಲಿಲ್ಲ. ಒಂದನೇ ಕ್ಲಾಸಿನ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋದರೂ ನಾವು ತಲೆ ಎಣಿಸುತ್ತೇವೆ. ನಿನಗೆ ಅದು ಸಂತೆಯ ಗದ್ದಲದ ಹಾಗೆ ಕೇಳುತ್ತದೆ, ನನಗೆ ಗೊತ್ತು.

ಕಲ್ಲು ಯಾರು ಹಾಕಿದರು ಎಂದು ಹುಡುಕುತ್ತಾ ಕೂರಬೇಡ. ಯಾರೇ ಹಾಕಿದ್ದರೂ ಕೆಟ್ಟ ಮನಸ್ಸಿನಿಂದ ಹಾಕಿರುವುದಿಲ್ಲ. ವಿಚಾರಣಾಧಿಕಾರಿ ಒಳ್ಳೆಯವರಂತೆ. ತಪ್ಪಾಯಿತು ಎಂದು ಒಂದು ಕಾಗದ ಬರೆದುಕೊಟ್ಟರೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಎಂದು ನಮ್ಮ ಹೆಡ್ಮಾಸ್ಟರು ಹೇಳುತ್ತಿದ್ದರು.

ಅವರು ಡಿಸೆಂಬರಿಗೆ ನಿವೃತ್ತರಾಗುತ್ತಾರೆ. ಮುಂದಿನ ಹೆಡ್ ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಇದೆ. ಇದನ್ನು ಈಗ ಹೇಳಬಾರದಿತ್ತೇನೋ.

ನಿನ್ನ,
ಚಿಕ್ಕಿ


ಶಿಬಿರದ ಮನೆ
ಅಕ್ಟೋಬರ್ ೬

ಚಿಕ್ಕಿ,

ನಿನ್ನ ಕಾಗದವನ್ನು ಒಂದು ವಾರ ಇಟ್ಟುಕೊಂಡು ಓದಿದೆ. ಕೆಟ್ಟ ಮನಸ್ಸು ಎಂಬ ಮಾತು ನನ್ನ ಕಾಗದದಲ್ಲಿ ಇರಲಿಲ್ಲ. ಯಾರೋ ಎರಡು ಹಾಕಿದ್ದಾರೆ ಎಂದಷ್ಟೇ ಬರೆದಿದ್ದೆ. ನೀನು ಆ ಯಾರೋ ಒಬ್ಬರ ಪರವಾಗಿ ಆಗಲೇ ಮಾತಾಡತೊಡಗಿದ್ದೀಯ.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಬಾಗಿಲಲ್ಲಿ ಐದು ನಿಮಿಷ ನಿಂತೆ, ಒಳಗೆ ಹೋಗುವ ಧೈರ್ಯ ಇರಲಿಲ್ಲ. ಅವಳೇ ನೋಡಿ, ‘ಬನ್ನಿ ಮೇಡಂ, ನಾನು ಎಲ್ಲಿಗೂ ಓಡಿಹೋಗಲ್ಲ’ ಎಂದಳು. ನಕ್ಕಳು ಕೂಡ. ನನಗೆ ನಗಲಾಗಲಿಲ್ಲ.

ಹಾಸಿಗೆಯ ಪಕ್ಕ ಊಟದ ಬಿಲ್ಲಿನ ಹಿಂಬದಿಯಲ್ಲಿ ಬರೆದ ಒಂದು ಚಿತ್ರ ಇತ್ತು. ಇರುವೆಗಳ ಸಾಲು, ನಡುವೆ ಪತಂಗದ ಒಂದು ರೆಕ್ಕೆ, ನೆಟ್ಟಗೆ ನಿಂತಿದೆ. ಅವತ್ತು ಅವಳು ಕುಳಿತ ಜಾಗದಲ್ಲಿ ನೋಡಿದ್ದು. ಆರೇಳು ಇರುವೆಗಳು ಆ ರೆಕ್ಕೆಯನ್ನು ಹೊತ್ತು ಹೋಗುತ್ತಿದ್ದವಂತೆ. ಗಾಳಿ ಬಂದಾಗಲೆಲ್ಲ ರೆಕ್ಕೆ ವಾಲುತ್ತಿತ್ತಂತೆ, ಅವು ನಿಂತು ಸರಿಮಾಡಿಕೊಂಡು ಮತ್ತೆ ಹೊರಡುತ್ತಿದ್ದವಂತೆ. ಒಂದು ಬೇರು ದಾಟಲು ಅವಕ್ಕೆ ಅರ್ಧ ಗಂಟೆ ಹಿಡಿಯಿತು. ಅದು ಮುಗಿಯುವವರೆಗೂ ಅವಳಿಗೆ ಏಳಲಾಗಲಿಲ್ಲ. ತಲೆ ಎತ್ತಿದಾಗ ಬೆಳಕು ಇಳಿದಿತ್ತು. ಬಸ್ಸು ತಪ್ಪುತ್ತದೆಂದು ಅಡ್ಡದಾರಿ ಹಿಡಿದಳು, ಹಳ್ಳದ ಅಂಚು ಕುಸಿಯಿತು.

‘ಮೂರು ದಿನದಲ್ಲಿ ನೀವು ಹೇಳಿದ್ದನ್ನ ಸರಿಯಾಗಿ ಮಾಡಿದ್ದು ಅದೊಂದೇ ಸಲ ಮೇಡಂ’ ಎಂದಳು.

ಹನ್ನೆರಡು ವರ್ಷದಲ್ಲಿ ಎಷ್ಟೋ ಶಿಕ್ಷಕರು ನನ್ನನ್ನು ಹೊಗಳಿ ಬರೆದಿದ್ದಾರೆ. ಆ ಕಾಗದಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಅವುಗಳಲ್ಲಿ ಒಂದೂ ಈ ಮಾತಿನಷ್ಟು ದೊಡ್ಡದಲ್ಲ, ಒಂದೂ ನನ್ನನ್ನು ಇಷ್ಟು ಹೆದರಿಸಿಲ್ಲ.

ಆಮೇಲೆ ಅವಳು ಹೇಳಿದಳು, ಅವತ್ತು ಬೇಗ ಹೊರಡುವುದಾಗಿ ಮೊದಲೇ ಹೇಳಿದ್ದೆ, ಮನಸ್ಸು ಬದಲಾಯಿಸಿದ್ದು ಯಾರಿಗೂ ಗೊತ್ತಿಲ್ಲ ಎಂದು. ಯಾರಿಗೆ ಹೇಳಿದ್ದೆ ಎಂದು ಕೇಳಿದೆ. ಮುಖ ಆಚೆ ತಿರುಗಿಸಿಕೊಂಡು ಕಿಟಕಿ ಮುಚ್ಚುತ್ತೀರಾ ಎಂದಳು. ಕಿಟಕಿ ಮುಚ್ಚಿಯೇ ಇತ್ತು.

ನಾನು ನಿನ್ನ ಅಕ್ಕ. ಸುತ್ತುಬಳಸು ಬೇಡ. ಆ ಕಲ್ಲು ಹಾಕಿದವಳು ನೀನಾ?

ಅಕ್ಕ


ಅಕ್ಟೋಬರ್ ೧೫

ಅಕ್ಕ,

ಹೌದು. ನಾನೇ.

ಎರಡು ಹಾಳೆ ಹರಿದಮೇಲೆ ಈ ಎರಡು ಪದ ಬರೆದೆ. ಈಗ ಮಿಕ್ಕದ್ದು ಬರೆಯುವುದು ಅಷ್ಟು ಕಷ್ಟವಿಲ್ಲ.

ಅವಳ ತಾಯಿಗೆ ನೆನಪು ಹೋಗಿದೆ. ಮಗಳನ್ನೇ ನೀನು ಯಾರು ಎಂದು ಕೇಳುತ್ತಾರೆ. ನೋಡಿಕೊಳ್ಳುವ ಹೆಂಗಸು ಐದು ಗಂಟೆಗೆ ಹೊರಡುತ್ತಾಳೆ, ಮೇಲೆ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಶಾಲೆ ಇರುವ ದಿನ ಹೇಗೋ ನಡೆಯುತ್ತದೆ. ತರಬೇತಿ, ಸಭೆ, ಕಾರ್ಯಾಗಾರ ಎಂದರೆ ಐದೂವರೆ, ಆರು. ಆಗೆಲ್ಲ ಅವಳು ನಾಲ್ಕಕ್ಕೆ ಮೆಲ್ಲಗೆ ಎದ್ದು ಹೋಗುತ್ತಾಳೆ, ಸಂಜೆಯ ಹಾಜರಿಗೆ ಅವಳ ಸಹಿಯನ್ನು ನಾನು ಹಾಕುತ್ತೇನೆ. ಮೂರು ವರ್ಷ ಆಯಿತು. ಅವಳ ಸಹಿ ನನಗೆ ನನ್ನದಕ್ಕಿಂತ ಚೆನ್ನಾಗಿ ಬರುತ್ತದೆ. ಇದು ನಮ್ಮ ಶಾಲೆಯಲ್ಲಿ ಮಾತ್ರ ನಡೆಯುವುದೆಂದು ತಿಳಿಯಬೇಡ. ಯಾವ ತರಬೇತಿಗೆ ಹೋದರೂ ಮಧ್ಯಾಹ್ನದ ಊಟ ಆದಮೇಲೆ ಕುರ್ಚಿಗಳು ಖಾಲಿ ಇರುತ್ತವೆ, ರಿಜಿಸ್ಟರ್ ತುಂಬಿರುತ್ತದೆ.

ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ, ‘ಇವತ್ತೂ ನಾಲ್ಕಕ್ಕೆ ಓಡ್ತೀನಿ ಕಣೆ, ನೋಡ್ಕೋ’ ಎಂದಳು. ನೋಡ್ಕೋ ಎಂದರೆ ನಮ್ಮಲ್ಲಿ ಅದೇ ಅರ್ಥ. ನಾನು ಹ್ಞೂಂ ಎಂದೆ.

ನನ್ನ ಜಾಗದಿಂದ ಎದ್ದು ಬರುವಾಗ ನೆನಪಾಯಿತು, ಇಲ್ಲಿ ರಿಜಿಸ್ಟರ್ ಇಲ್ಲ, ಕಲ್ಲು. ಅವಳು ರಸ್ತೆಯ ಬಸ್ಸು ಹಿಡಿಯುವ ಆತುರದಲ್ಲಿ ಕಲ್ಲನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗಿರುತ್ತಾಳೆ. ಒಂದು ಕಮ್ಮಿ ಬಂದರೆ ನೀನು ಬಸ್ಸು ನಿಲ್ಲಿಸುತ್ತೀಯ, ಹುಡುಕುತ್ತೀಯ, ಅವಳು ಮೊದಲೇ ಹೋದದ್ದು ಎಲ್ಲರಿಗೂ ತಿಳಿಯುತ್ತದೆ. ಗೇಟಿನ ಹತ್ತಿರ ಒಂದು ಬಿಳಿ ಕಲ್ಲು ಬಿದ್ದಿತ್ತು. ಎತ್ತಿಕೊಂಡೆ. ಎರಡನ್ನೂ ಒಟ್ಟಿಗೆ ಬಿಟ್ಟೆ. ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು. ನೀನು ಕಣ್ಣು ಎತ್ತಲಿಲ್ಲ.

ಎತ್ತಬಹುದಿತ್ತು, ಅಕ್ಕ. ಅದನ್ನೂ ಬರೆದುಬಿಡುತ್ತೇನೆ. ಮೌನ ಕೆಡುತ್ತದೆ, ಅವರ ಮುಖ ನೋಡಬಾರದು, ಹೆಸರು ಕರೆಯಬಾರದು. ನಿನ್ನ ಆ ಚೆಂದಕ್ಕೆ ನಾವೆಲ್ಲ ತಲೆಬಾಗಿ ಸಾಲಾಗಿ ಬರುತ್ತೇವೆ. ಅಲ್ಲಿ ಮೋಸ ಮಾಡುವುದು ರಿಜಿಸ್ಟರಿಗಿಂತ ಸುಲಭ. ಅಷ್ಟು ಸುಲಭ ಇರದಿದ್ದರೆ ನಾನು ಮಾಡುತ್ತಿರಲಿಲ್ಲವೇನೋ.

ಅವಳು ಬಂದಿಲ್ಲವೆಂದು ಪಕ್ಕದ ಮನೆಯವರಿಂದ ತಿಳಿದು ರಾತ್ರಿ ಹೆಡ್ಮಾಸ್ಟರು ಫೋನ್ ಮಾಡಿ ಕೇಳಿದಾಗ ನಾಲ್ಕರ ಬಸ್ಸಿಗೆ ಹೋದಳು ಎಂದೆ. ನಿಜವಾಗಿ ಹಾಗೇ ನಂಬಿದ್ದೆ. ಅವರು ಬಸ್ ಸ್ಟ್ಯಾಂಡಿನಲ್ಲಿ, ಪೊಲೀಸ್ ಸ್ಟೇಷನ್ನಿನಲ್ಲಿ ಹುಡುಕಿಸಿದರು. ಕಾಡಿನಲ್ಲಿ ಹುಡುಕಲಿಲ್ಲ. ನನ್ನ ಮಾತಿನಿಂದ.

ಇನ್ನೂ ಒಂದಿದೆ. ಇದು ನಿನಗೆ ವಿಚಾರಣೆಯ ಪ್ರತಿಗಳ ಜೊತೆ ಹೇಗೂ ತಲುಪುತ್ತದೆ, ಅದಕ್ಕಿಂತ ಮೊದಲು ನನ್ನಿಂದ ತಿಳಿಯಲಿ. ಸೆಪ್ಟೆಂಬರ್ ಐದಕ್ಕೆ ಹೆಡ್ಮಾಸ್ಟರು ನಮ್ಮ ಶಾಲೆಯ ಐವರನ್ನು ಕೋಣೆಗೆ ಕರೆದರು. ಹೇಳಿಕೆ ಟೈಪಾಗಿಯೇ ಇತ್ತು. ‘ಎಣಿಕೆ ನಡೆದದ್ದನ್ನು ನಾನು ನೋಡಿಲ್ಲ.’ ಎಲ್ಲರೂ ಸಹಿ ಮಾಡಿದರು. ನಾನೂ ಮಾಡಿದೆ. ಬಸ್ಸಿನೊಳಗಿದ್ದ ನಮಗೆ ಅದು ಸುಳ್ಳೂ ಅಲ್ಲ. ಕೆಳಗೆ ಒಂದು ಸಾಲು: ‘ಕಾರ್ಯಾಗಾರ ನಡೆಸಿದವರೊಂದಿಗೆ ಸಂಬಂಧ’. ಅದರ ಎದುರು ‘ಇಲ್ಲ’ ಎಂದು ಟೈಪ್ ಮಾಡಿದ್ದರು. ಅವರಿಗೆ ಗೊತ್ತು ನಾವು ಅಕ್ಕತಂಗಿ ಎಂದು. ‘ಸುಮ್ನೆ ಯಾಕೆ ತೊಡಕು? ಪಟ್ಟಿ ಬರೋವರೆಗೆ ನೀವು ಯಾರಿಗೂ ಏನೂ ಆಗಬೇಕಿಲ್ಲ’ ಎಂದರು.

ಬೈಯುವುದಿದ್ದರೆ ಬೇಗ ಬರೆ.

ಚಿಕ್ಕಿ


ಶಿಬಿರದ ಮನೆ
ಅಕ್ಟೋಬರ್ ೨೨

ಚಿಕ್ಕಿ,

ಕಾಗದ ತಲುಪಿತು. ಸಹಿ, ಕಲ್ಲು, ನಾಲ್ಕರ ಬಸ್ಸು, ಇವನ್ನೆಲ್ಲ ನಾನು ಅರ್ಥ ಮಾಡಿಕೊಳ್ಳಬಲ್ಲೆ. ಕಣ್ಣು ಎತ್ತಬಹುದಿತ್ತು ಎಂದದ್ದನ್ನೂ.

ಆ ‘ಇಲ್ಲ’ವನ್ನು ಓದಿ ಸಹಿ ಮಾಡಿದೆಯೋ, ಓದದೆಯೋ? ಇಷ್ಟಕ್ಕೆ ಮಾತ್ರ ಉತ್ತರ ಬರೆ.

ಅಕ್ಕ


ನವೆಂಬರ್ ೨

ಅಕ್ಕ,

ಓದಿಯೇ.

ಹತ್ತು ದಿನದಿಂದ ಪಾಠ ಮಾಡುತ್ತಾ ಬೋರ್ಡಿನ ಮೇಲೆ ತಪ್ಪು ಬರೆಯುತ್ತಿದ್ದೇನೆ. ಮಕ್ಕಳು ತಿದ್ದುತ್ತಾರೆ. ನಿನ್ನೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿನ್ನ ವಿಷಯ ಮಾತಾಡುತ್ತಿದ್ದರು. ವಿಜ್ಞಾನದ ಮೇಷ್ಟ್ರು, ಕವಿತೆ ಮೇಡಂ ಕಲ್ಲು ಎಣಿಸುತ್ತಾ ಮನುಷ್ಯರನ್ನೇ ಮರೆತುಬಿಟ್ಟರು ಎಂದರು. ಎಲ್ಲರೂ ನಕ್ಕರು. ನಾನು ಟಿಫಿನ್ ಡಬ್ಬಿ ಮುಚ್ಚಿ ಎದ್ದು ಹೋದೆ. ಅಷ್ಟೇ ಮಾಡಿದೆ. ಅವರು ನನ್ನ ಅಕ್ಕ ಎನ್ನಲಿಲ್ಲ.

ನಾನು ಬರೆದುಕೊಟ್ಟ ಕಾಗದ ನಿನ್ನ ಕೈಯಲ್ಲಿದೆ. ನನ್ನ ಅಕ್ಷರ, ನನ್ನ ತಾರೀಖು. ಅದನ್ನು ವಿಚಾರಣೆಯಲ್ಲಿ ಮೇಜಿನ ಮೇಲಿಟ್ಟರೆ ನಿನ್ನ ಕೆಲಸ ಉಳಿಯುತ್ತದೆ. ನನ್ನದು ಹೋಗುತ್ತದೆ, ಅವಳದೂ ಹೋಗಬಹುದು. ಇಡುತ್ತೀಯೋ ಇಲ್ಲವೋ ಹೇಳಿಬಿಡು. ಇಡುತ್ತೇನೆ ಎಂದರೂ ಸರಿ. ಹೀಗೆ ದಿನ ಎಣಿಸುವುದು ಮಾತ್ರ ನನ್ನಿಂದಾಗುತ್ತಿಲ್ಲ. ಅಂಚೆಯವನು ಬೀದಿ ತಿರುಗಿದರೆ ಸಾಕು, ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.

ಚಿಕ್ಕಿ


ಶಿಬಿರದ ಮನೆ
ನವೆಂಬರ್ ೯

ಚಿಕ್ಕಿ,

ಅಕ್ಟೋಬರ್ ಹದಿನೈದರ ನಿನ್ನ ಕಾಗದವನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಪ್ರತಿ ಇಟ್ಟುಕೊಂಡಿಲ್ಲ. ಹರಿದರೂ ನಿನ್ನದು, ಇಟ್ಟರೂ ನಿನ್ನದು.

ಇದನ್ನು ದೊಡ್ಡತನ ಎಂದುಕೊಂಡು ಅಳುತ್ತಾ ಕೂರಬೇಡ. ನಾನು ಎಣಿಸಿದೆ ಎಂದೇ ಹೇಳುತ್ತೇನೆ. ಮೂವತ್ತೊಂದಿತ್ತು, ಯಾರೋ ಒಂದು ಹೆಚ್ಚಿಗೆ ಹಾಕಿದರು ಎಂದೂ ಹೇಳುತ್ತೇನೆ. ಯಾರು ಎಂದರೆ ಕಣ್ಣು ತಗ್ಗಿಸಿದ್ದೆ, ನೋಡಲಿಲ್ಲ ಎನ್ನುತ್ತೇನೆ. ಅದು ನಿಜ. ಮೊನ್ನೆ ಪ್ರಾಥಮಿಕ ಭೇಟಿಗೆ ಕರೆದಾಗ ಆ ಮೂಲೆಯ ಕಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿದ್ದೆ. ಅಧಿಕಾರಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ಕಲ್ಲು ಎಣಿಸಿದ್ರಿ, ಸರಿ. ತಲೆ ಎಣಿಸಿದ್ರಾ?’ ಎಂದರು. ಕಲ್ಲನ್ನು ಅಲ್ಲೇ ಬಿಟ್ಟು ಬಂದೆ.

ನನ್ನ ಹತ್ತಿರವೂ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಮೊದಲ ಕಾಗದದಲ್ಲಿ ಫೋನಿನ ವಿಷಯ ಬೇಡ ಎಂದು ದಾಟಿಸಿದ್ದೆ. ನಿನ್ನ ಹೆಡ್ಮಾಸ್ಟರು ಅವತ್ತು ಎಂಟೂವರೆಗೆ ನನಗೂ ಫೋನ್ ಮಾಡಿದ್ದರು. ಒಬ್ಬರು ಮನೆ ತಲುಪಿಲ್ಲ, ಅಲ್ಲೇನಾದರೂ ಉಳಿದಿದ್ದಾರಾ ಎಂದು ಕೇಳಿದರು. ‘ಸಾಧ್ಯವೇ ಇಲ್ಲ ಸರ್, ಲೆಕ್ಕ ಸರಿಯಾಗಿದೆ’ ಎಂದೆ. ಸ್ವಲ್ಪ ಸಿಡುಕಿದೆ ಕೂಡ. ಫೋನ್ ಇಟ್ಟಮೇಲೆ ಅನುಮಾನ ಬಂತು. ಏನು ಮಾಡಿದೆ ಗೊತ್ತೇ? ಬೋಗುಣಿಯನ್ನು ದೀಪದ ಕೆಳಗೆ ತಂದು ಇನ್ನೊಂದು ಸಲ ಎಣಿಸಿದೆ. ಮೂವತ್ತೊಂದು. ಟಾರ್ಚು ಬಾಗಿಲ ಹಿಂದೆ ಮೊಳೆಗೆ ನೇತುಹಾಕಿತ್ತು. ತೆಗೆದುಕೊಳ್ಳಲಿಲ್ಲ. ಹಳ್ಳ ಈ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಅವಳು ಕೂಗುತ್ತಿದ್ದಳು.

ಹೆಡ್ಮಾಸ್ಟರು ಆ ಫೋನಿನ ಮಾತನ್ನು ಯಾವ ಹೇಳಿಕೆಯಲ್ಲೂ ಬರೆದಿಲ್ಲ, ಅವರಿಗೆ ಅವರ ಕಾರಣ ಇರಬಹುದು. ನಾನೂ ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎರಡು ತಿಂಗಳು ನಿನ್ನನ್ನು ಕೊರೆದು ಕೊರೆದು ಕೇಳಿದೆ, ನನ್ನದನ್ನು ಮುಚ್ಚಿಟ್ಟುಕೊಂಡೇ. ಇಪ್ಪತ್ತಕ್ಕೆ ಅದನ್ನೂ ಹೇಳುತ್ತೇನೆ. ಆಮೇಲೆ ಈ ಕೆಲಸ ಉಳಿಯುತ್ತದೆಂಬ ನಂಬಿಕೆ ನನಗಿಲ್ಲ. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೇನೆ.

ನೀನು ಏನು ಹೇಳಬೇಕೆಂದು ನಾನು ಹೇಳುವುದಿಲ್ಲ. ವಿಚಾರಣೆಯ ದಿನ ಓಣಿಯಲ್ಲಿ ಸಿಕ್ಕರೆ ನನ್ನನ್ನು ಮಾತಾಡಿಸಬೇಡ. ಸಂಬಂಧ ಇಲ್ಲದವರು ಹೇಗಿರಬೇಕೋ ಹಾಗಿರೋಣ.

ಅಕ್ಕ


ನವೆಂಬರ್ ೨೧

ಅಕ್ಕ,

ನಿನ್ನೆ ನೀನು ವಿಚಾರಣೆಯಿಂದ ಹೊರಗೆ ಬಂದವಳು ಯಾರ ಕಡೆಗೂ ನೋಡದೆ ಮೆಟ್ಟಿಲಿಳಿದು ಹೋದೆ. ಹಿಂದೆಯೇ ನನ್ನ ಹೆಸರು ಕೂಗಿದರು. ಆದ್ದರಿಂದ ಒಳಗೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಆದೇಶ ಬರುವ ಮೊದಲು ಇದು ನಿನ್ನನ್ನು ತಲುಪಲಿ ಎಂದು ಇವತ್ತೇ ಬರೆಯುತ್ತಿದ್ದೇನೆ.

ಮೊದಲು ಹತ್ತೊಂಬತ್ತರ ಸಂಜೆಯ ವಿಷಯ. ಅವಳ ಮನೆಗೆ ಹೋಗಿದ್ದೆ. ನಾನು ಬಾಯಿ ಬಿಟ್ಟರೆ ಮೂರು ವರ್ಷದ ರಿಜಿಸ್ಟರ್ ತೆಗೆಯುತ್ತಾರೆ, ಅವಳ ಕೆಲಸಕ್ಕೂ ಸಂಚಕಾರ. ಅವಳನ್ನು ಕೇಳದೆ ಹೇಳುವ ಹಕ್ಕು ನನಗಿಲ್ಲ ಅನಿಸಿತು. ಅವಳು ಗೋಡೆ ಹಿಡಿದು ನಡೆಯುವ ಅಭ್ಯಾಸ ಮಾಡುತ್ತಿದ್ದಳು. ಒಳಕೋಣೆಯಿಂದ ಅವಳ ತಾಯಿ ಯಾರು ಬಂದದ್ದು, ಯಾರು ಬಂದದ್ದು ಎಂದು ಕೇಳುತ್ತಲೇ ಇದ್ದರು. ನಾನು ಎಲ್ಲ ಹೇಳಿದೆ, ಕಲ್ಲಿನ ವಿಷಯವನ್ನೂ. ಅದು ಅವಳಿಗೆ ಮೊದಲೇ ಗೊತ್ತಿತ್ತು ಅಕ್ಕ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನವೇ ಊಹಿಸಿದ್ದಳಂತೆ. ನಾನು ಎರಡು ಸಲ ನೋಡಲು ಹೋದಾಗಲೂ ಒಂದು ಮಾತು ಆಡಿರಲಿಲ್ಲ.

ಗೋಡೆಗೆ ಒರಗಿ ನಿಂತಳು. ಆಮೇಲೆ ಅಂದಳು, ‘ಹೇಳು. ನನ್ನದೂ ತೆಗೀತಾರೆ, ತೆಗೀಲಿ. ಹಳ್ಳದಲ್ಲಿ ಬಿದ್ದಾಗ ನಂಗೆ ಇದ್ದದ್ದು ಒಂದೇ ಧೈರ್ಯ ಕಣೆ. ಮೇಡಂ ಎಣಿಸ್ತಾರೆ, ಒಂದು ಕಮ್ಮಿ ಬರುತ್ತೆ, ಹುಡುಕ್ಕೊಂಡು ಬರ್ತಾರೆ ಅಂತ. ಕಲ್ಲನ್ನ ಅದಕ್ಕೇ ಬಿಡದೆ ಹಿಡ್ಕೊಂಡಿದ್ದೆ.’

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ.

ವಿಚಾರಣೆಯ ಕೋಣೆ ನಮ್ಮ ಪರೀಕ್ಷಾ ಹಾಲಿನಂತೆಯೇ ಇತ್ತು, ಉದ್ದ ಮೇಜು, ಗೀಚಿದ ಬೆಂಚು. ಹೆಡ್ಮಾಸ್ಟರು ಒಂದು ಬದಿಯಲ್ಲಿ ಕುಳಿತಿದ್ದರು. ಅಧಿಕಾರಿ ನನ್ನ ಹೇಳಿಕೆ ಓದಿ ಇದು ನಿಮ್ಮದೇ ಸಹಿಯೇ ಎಂದರು. ಸಹಿ ನನ್ನದು, ಹೇಳಿಕೆ ಪೂರ್ತಿ ನಿಜವಲ್ಲ ಎಂದೆ. ಹೆಡ್ಮಾಸ್ಟರು ಕೆಮ್ಮಿದರು. ಕಲ್ಲಿನ ವಿಷಯ ಹೇಳಿದೆ. ಗೇಟಿನಿಂದ ಎತ್ತಿದ್ದು, ಎರಡೂ ಒಟ್ಟಿಗೆ ಬಿಟ್ಟದ್ದು, ನಾಲ್ಕರ ಬಸ್ಸು ಎಂದದ್ದು. ಎಣಿಕೆ ನಡೆಯಿತು, ಎಣಿಕೆ ತಪ್ಪಾಗಿದ್ದು ನನ್ನಿಂದ ಎಂದೆ. ಕೊನೆಗೆ ಸಂಬಂಧದ ಎದುರು ಬರೆದದ್ದೂ ಸುಳ್ಳು, ಅವರು ನನ್ನ ಒಡಹುಟ್ಟಿದ ಅಕ್ಕ ಎಂದೆ.

ಅಲ್ಲೇ ಎಡವಟ್ಟಾಯಿತು. ಅಧಿಕಾರಿ ಪೆನ್ನು ಕೆಳಗಿಟ್ಟರು. ‘ಅವರು ಅದನ್ನ ಹೇಳಲೇ ಇಲ್ಲ. ನೀವು ಮೊದಲು ಸಂಬಂಧ ಇಲ್ಲ ಅಂದ್ರಿ. ಈಗ ಅಕ್ಕ ಅಂತೀರಿ, ಅಕ್ಕನ ಕೆಲಸ ಹೋಗೋ ದಿನ ಬಂದು ತಪ್ಪು ನಂದು ಅಂತೀರಿ. ಇದರಲ್ಲಿ ನಾನು ಯಾವುದನ್ನ ನಂಬಲಿ?’

ನನ್ನ ಕೈಚೀಲದಲ್ಲಿ ನೀನು ವಾಪಸ್ ಕಳಿಸಿದ ಕಾಗದ ಇರಲಿಲ್ಲ. ಅದು ಬಂದ ದಿನವೇ ಒಲೆಗೆ ಹಾಕಿದ್ದೆ. ಹೆದರಿ ಹಾಕಿದ್ದೆ, ಬೇರೆ ಕಾರಣವಿಲ್ಲ.

ರಿಜಿಸ್ಟರ್ ತರಿಸಿ ಸರ್ ಎಂದೆ. ಹೆಡ್ಮಾಸ್ಟರು ಅದು ಈ ವಿಷಯಕ್ಕೆ ಸಂಬಂಧಪಟ್ಟದ್ದಲ್ಲ ಎಂದರು. ಅಧಿಕಾರಿ ಆದರೂ ತರಿಸಿದರು. ನಾನೇ ಪುಟ ತಿರುಗಿಸಿ ತೋರಿಸಿದೆ. ಈ ದಿನ ನಾನು, ಈ ದಿನ ನಾನು, ಇದು ಅವಳೇ, ಇದು ನಾನು. ಒಂದು ಹಾಳೆ ಕೊಡಿ ಎಂದು ಅವರ ಮುಂದೆಯೇ ಅವಳ ಸಹಿಯನ್ನು ಹಾಕಿ ತೋರಿಸಿದೆ. ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಬೇಗ ಹೋಗಬೇಕಿದ್ದರೆ ಅವರು ಅರ್ಜಿ ಹಾಕಬಹುದಿತ್ತಲ್ಲ ಎಂದರು. ಮೂರು ಸಲ ಹಾಕಿದ್ದಾರೆ, ಹೆಡ್ಮಾಸ್ಟರ ಮೇ‌ಜಿನ ಎಡಗಡೆಯ ಡ್ರಾಯರಿನಲ್ಲಿದೆ ಎಂದೆ. ಆಗ ಹೆಡ್ಮಾಸ್ಟರು ಕೆಮ್ಮಲೂ ಇಲ್ಲ.

ಎಲ್ಲವನ್ನೂ ಬರೆದುಕೊಡಿ ಎಂದರು. ನಾಲ್ಕು ಪುಟ ಬರೆದೆ. ನಿನ್ನ ಫೋನಿನ ವಿಷಯ ನೀನು ಹೇಳಿದ್ದೀಯೆಂದು ಅವರ ಮಾತಿನಿಂದ ತಿಳಿಯಿತು. ಅದನ್ನು ನಾನು ಹಗುರ ಮಾಡಿ ಹೇಳಲು ಹೋಗಲಿಲ್ಲ.

ಪಟ್ಟಿಯ ಆಸೆ ಬಿಟ್ಟಿದ್ದೇನೆ. ನನ್ನ ಮೇಲೆ ಬೇರೆ ವಿಚಾರಣೆಯಂತೆ. ಇವತ್ತು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ಸಹಿ ಹಾಕಿಸಿಕೊಳ್ಳುತ್ತಿದ್ದವರು ಅವಳೊಬ್ಬಳೇ ಅಲ್ಲವಲ್ಲ.

ನಿನಗೆ ನನ್ನ ಮೇಲಿನ ಕೋಪ ಹೋಯಿತಾ ಎಂದು ಕೇಳಬೇಕೆಂದಿದೆ. ಕೇಳಿದ್ದೇನೆ.

ಚಿಕ್ಕಿ


ಶಿಬಿರದ ಮನೆ
ಡಿಸೆಂಬರ್ ೧೨

ಚಿಕ್ಕಿ,

ಆದೇಶ ನಿನ್ನೆ ಬಂತು. ಎಣಿಕೆ ನಡೆದಿತ್ತು ಎಂದು ಒಪ್ಪಿದ್ದಾರೆ. ಆದರೂ ಒಂದು ವರ್ಷ ನಾನು ಕಾರ್ಯಾಗಾರ ನಡೆಸುವಂತಿಲ್ಲ, ಫೋನ್ ಬಂದಮೇಲೂ ಹುಡುಕಲು ಹೋಗದಿದ್ದುದಕ್ಕೆ. ಬೇರೊಬ್ಬರು ನಡೆಸುತ್ತಾರೆ, ನಾನು ಅವರ ಕೈಕೆಳಗೆ ಸಹಾಯಕಿ. ಬೀಗದ ಕೈ ನನ್ನಲ್ಲೇ ಇರುತ್ತದೆ. ಎರಡು ಸಲ ಓದಿದೆ. ನ್ಯಾಯವಾಗಿದೆ ಅನಿಸಿತು. ಆಮೇಲೆ ಪೆಟ್ಟಿಗೆಯಿಂದ ಪುಸ್ತಕಗಳನ್ನು ಒಂದೊಂದಾಗಿ ಹೊರಗೆ ತೆಗೆದೆ, ಅರ್ಧಕ್ಕೇ ಸುಸ್ತಾಗಿ ಬಿಟ್ಟೆ.

ನಡೆಸಲು ಬರುವವನು ಇಪ್ಪತ್ತೆಂಟರ ಹುಡುಗ, ಕೊರಳಲ್ಲಿ ಸೀಟಿ. ಮೊನ್ನೆ ಜಾಗ ನೋಡಲು ಬಂದಿದ್ದ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೆಸರು ಕೂಗುತ್ತೇನೆ, ನಿಮಗೆ ತೊಂದರೆಯಿಲ್ಲ ತಾನೆ ಎಂದು ಕೇಳಿದ. ಇಲ್ಲ ಎಂದೆ. ಕೂಗಿದರೆ ಮರಕುಟಿಗ ಹಾರಿಹೋಗುತ್ತದೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹಾರಿಹೋದರೆ ಹೋಗಲಿ, ತಿರುಗಿ ಬರುತ್ತದೆ.

ನಿನ್ನ ಗೆಳತಿಗೆ ಬರೆದಿದ್ದೇನೆ. ಕ್ಷಮಿಸು ಎಂದು ಬರೆಯಲು ಹೋಗಿ, ಕಡೆಗೆ ಅವಳು ಕೂಗಿದ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಎಂಬುದನ್ನಷ್ಟೇ ಬರೆದೆ. ಉತ್ತರ ಬಂದಿಲ್ಲ. ಬರಬೇಕೆಂದೂ ಇಲ್ಲ.

ಕೋಪದ ವಿಷಯ ಕೇಳಿದ್ದೀಯ. ಹೋಗಿಲ್ಲ. ನೀನು ಒಳಗೆ ಏನು ಹೇಳಿದೆ ಎಂದು ಓದಿದಾಗ ಹೋಗಬಹುದು ಎಂದುಕೊಂಡಿದ್ದೆ, ಸ್ವಲ್ಪ ಅಲ್ಲಾಡಿತು, ಅಷ್ಟೇ. ನಿನಗೂ ನನ್ನ ಮೇಲೆ ಇದೆ. ಕಣ್ಣು ಎತ್ತಬಹುದಿತ್ತು ಎಂದು ಒಂದೇ ಸಾಲು ಬರೆದೆ, ಉಳಿದದ್ದನ್ನು ತಡೆಹಿಡಿದಿದ್ದೀಯ, ನನಗೆ ಗೊತ್ತಾಗುತ್ತದೆ.

ಶನಿವಾರ ಹೊರಟು ಬಾ. ಕೂತು ಜಗಳ ಆಡೋಣ. ಎರಡು ದಿನದ ಬಟ್ಟೆ ತಂದುಕೋ, ಒಂದು ದಿನಕ್ಕೆ ಮುಗಿಯುವ ಜಗಳವಲ್ಲ.

ನಿನ್ನ,
ಅಕ್ಕ